ನೇತ್ರಾಣಿಯೇ ಅಳತೆಗೋಲು: ಎರಡು ದೇಶಗಳ ನಡುವಿನ ಕಿರುಸಮುದ್ರ ಅಳೆದು ಗಡಿ ಎಳೆಯುವುದು ಹೇಗೆ?

ಕಾರವಾರದ ಟಾಗೋರ್ ಬೀಚಿನಲ್ಲಿ ಕೂತು ಚುರುಮುರಿ ತಿನ್ನುವಾಗ ಮಗಳು ಕೇಳಿದಳು, "ಅಪ್ಪಾ, ಇಲ್ಲಿಂದ ಸೀದಾ ಹೋದ್ರೆ ಆ ಕಡೆ ಯಾವ ಊರು?" ಎಲ್ಲರೂ ಹೇಳುವ ಹಾಗೆ ನಾನೂ "ದುಬೈ" ಅಂದುಬಿಟ್ಟೆ. ಮನೆಗೆ ಬಂದು ನಕ್ಷೆ ಬಿಚ್ಚಿದರೆ ದುಬೈ ಎಲ್ಲೋ ಉತ್ತರದಲ್ಲಿದೆ. ಕಾರವಾರದ ಅಕ್ಷಾಂಶ 14 ಡಿಗ್ರಿ 48 ನಿಮಿಷ. ಆ ಗೆರೆ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವುದು ಯೆಮನ್ ಕರಾವಳಿ. ನಡುವೆ ಸುಮಾರು 2,600 ಕಿಲೋಮೀಟರ್ ನೀರು.

ಮುಖ ಉಳಿಸಿಕೊಳ್ಳೋಣ ಅಂತ ಇದನ್ನು ಅವಳಿಗೆ ತೋರಿಸಿದೆ. ಅವಳು ಅಷ್ಟಕ್ಕೇ ಬಿಡಬೇಕಲ್ಲ? "ಹಾಗಾದ್ರೆ ರಾಮೇಶ್ವರದಿಂದ ಲಂಕೆ ಕಾಣ್ತದಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋಗಿ ಎರಡು ಭಾನುವಾರ ಕಳೆದವು. ನೀವು ಅಷ್ಟು ಒದ್ದಾಡುವುದು ಬೇಡ, ನಮಗೂ ಲಂಕೆಗೂ ನಡುವಿನ ಸಮುದ್ರ ಅಳೆದು ಗಡಿ ಎಳೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಹಾಗೆ ಬರೆದಿದ್ದೇನೆ. ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಬೇಕಾಗುವ ಸಾಮಾನು

ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಸ್ಕೇಲು, ಕೈವಾರ, ಎರಡು ಬಣ್ಣದ ಪೆನ್ನು. ಮೊಬೈಲಿನಲ್ಲಿ ನಕ್ಷೆ ಇದ್ದರೆ ಒಳ್ಳೆಯದು, ಆದರೆ ನೋಡುವುದಕ್ಕೆ ಮಾತ್ರ. ಅದನ್ನು ಪ್ರಿಂಟ್ ಹಾಕಿಸಿ ಅದರ ಮೇಲೆ ಅಳೆಯಲು ಹೋಗಬೇಡಿ. ನಾನು ಹೋಗಿದ್ದೆ. ಝೆರಾಕ್ಸ್ ಅಂಗಡಿಯ ಹುಡುಗ ಚಿತ್ರ ಹಾಳೆ ತುಂಬಲಿ ಅಂತ ಪ್ರೀತಿಯಿಂದಲೇ ಅಡ್ಡಕ್ಕೆ ಎಳೆದು ಕೊಟ್ಟಿದ್ದ. ರಾಮೇಶ್ವರ ದ್ವೀಪ ದೋಸೆಯಂತೆ ಅಗಲವಾಗಿತ್ತು. ಅಳತೆಯೆಲ್ಲ ತಪ್ಪಿದ ಮೇಲೆಯೇ ನನಗೆ ಗೊತ್ತಾಗಿದ್ದು. ಗ್ರಾಫ್ ಹಾಳೆಯ ಚೌಕ ಹಾಗೆ ಮೋಸ ಮಾಡುವುದಿಲ್ಲ.

ಮೊದಲು ಕಣ್ಣಿಗೆ ಒಂದು ಅಳತೆ

ಮೂವತ್ತು ಕಿಲೋಮೀಟರ್ ಸಮುದ್ರ ಅಂದರೆ ತಲೆಗೆ ಏನೂ ಹೊಳೆಯುವುದಿಲ್ಲ, ಅಲ್ವಾ? ಅದಕ್ಕೆ ನಮ್ಮದೇ ಒಂದು ಗೋಲು ಇಟ್ಟುಕೊಳ್ಳೋಣ. ಮುರ್ಡೇಶ್ವರದ ತೀರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಡೈವಿಂಗಿಗೆ ಹೋಗಿ ಬಂದವರಿಗೆ ಆ ದೂರ ಹೊಟ್ಟೆಯಲ್ಲೇ ನೆನಪಿರುತ್ತದೆ. ಅದನ್ನು "ಒಂದು ನೇತ್ರಾಣಿ" ಅಂತ ಇಟ್ಟುಕೊಳ್ಳಿ.

ಈಗ ಲೋಕ ಸುತ್ತಿ ಬನ್ನಿ. ಸ್ಪೇನಿಗೂ ಮೊರಾಕೊಗೂ ನಡುವೆ ಜಿಬ್ರಾಲ್ಟರ್ ಹತ್ತಿರ ಕಿರಿದಾದ ಜಾಗದಲ್ಲಿ ಸುಮಾರು 14 ಕಿಲೋಮೀಟರ್. ಅಂದರೆ ಯುರೋಪ್ ಮತ್ತು ಆಫ್ರಿಕಾ ಎಂಬ ಎರಡು ಖಂಡಗಳ ನಡುವೆ ಒಂದು ನೇತ್ರಾಣಿಯಷ್ಟೂ ನೀರಿಲ್ಲ. ಡೆನ್ಮಾರ್ಕ್-ಸ್ವೀಡನ್ ನಡುವೆ ಒಂದು ಕಡೆ ಬರೀ 4 ಕಿಲೋಮೀಟರ್. ಇಂಗ್ಲೆಂಡ್-ಫ್ರಾನ್ಸ್ ನಡುವೆ ಡೋವರ್ ಹತ್ತಿರ 33. ಭಟ್ಕಳದ ಮನೆಮನೆಯಲ್ಲೂ ಹೆಸರು ಗೊತ್ತಿರುವ ಹೋರ್ಮುಜ್‌ನಲ್ಲಿ, ಇರಾನಿಗೂ ಒಮಾನಿಗೂ ನಡುವೆ, ಸುಮಾರು 39. ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಯಿಂದ ಲಂಕೆಯ ತಲೈಮನ್ನಾರಿಗೆ ಸುಮಾರು 30, ಒಂದೂವರೆ ನೇತ್ರಾಣಿ.

ಹೆಜ್ಜೆ 1: ಮೈಲು ಯಾವುದು ಅಂತ ಸರಿಮಾಡಿಕೊಳ್ಳಿ

ಸಮುದ್ರದ ಲೆಕ್ಕ ರಸ್ತೆಯ ಮೈಲಿಯಲ್ಲಿ ನಡೆಯುವುದಿಲ್ಲ, ನಾಟಿಕಲ್ ಮೈಲಿನಲ್ಲಿ ನಡೆಯುತ್ತದೆ. ಒಂದು ನಾಟಿಕಲ್ ಮೈಲು ಅಂದರೆ 1,852 ಮೀಟರ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ "ನಿಮಿಷ" ಅಂತ ಹೆಸರು. ಗಡಿಯಾರದ ನಿಮಿಷ ಅಲ್ಲ. ಭೂಮಿಯ ಮೇಲೆ ಆ ಒಂದು ನಿಮಿಷದ ಉದ್ದವೇ ಒಂದು ನಾಟಿಕಲ್ ಮೈಲು. ಇದೊಂದು ಗೊತ್ತಿದ್ದರೆ ನಕ್ಷೆಯ ಪಕ್ಕದ ಅಂಚೇ ನಿಮ್ಮ ಸ್ಕೇಲು.

ಪಕ್ಕದ ಅಂಚು ಅಂದೆ, ಮೇಲಿನ ಅಂಚಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರ ಬರುತ್ತವೆ. ಲಂಕೆಯ ಹತ್ತಿರ ಈ ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟು, ಬಿಟ್ಟುಬಿಡಬಹುದು. ಡೋವರ್ ಹತ್ತಿರ ರೇಖಾಂಶದ ಒಂದು ನಿಮಿಷ 0.63 ಮೈಲಿಗೆ ಇಳಿದಿರುತ್ತದೆ. ಅಲ್ಲಿ ಬಿಟ್ಟರೆ ಕೆಟ್ಟಿತು.

ಹೆಜ್ಜೆ 2: ಹಾಳೆ ಸಿದ್ಧ ಮಾಡಿ

ಗ್ರಾಫ್ ಹಾಳೆಯಲ್ಲಿ ಒಂದು ನಿಮಿಷಕ್ಕೆ 2 ಮಿಲಿಮೀಟರ್ ಇಟ್ಟುಕೊಳ್ಳಿ. ಆಗ ಒಂದು ನಾಟಿಕಲ್ ಮೈಲಿಗೂ 2 ಮಿಲಿಮೀಟರ್, 5 ನಿಮಿಷಕ್ಕೆ ಒಂದು ಸೆಂಟಿಮೀಟರ್. ಎಡಗಡೆ ಕೆಳಮೂಲೆಗೆ 9 ಡಿಗ್ರಿ ಉತ್ತರ, 79 ಡಿಗ್ರಿ ಪೂರ್ವ ಎಂದು ಬರೆಯಿರಿ. ಮೇಲಕ್ಕೆ 16 ಸೆಂಟಿಮೀಟರ್, ಬಲಕ್ಕೆ 14 ಸೆಂಟಿಮೀಟರ್ ಜಾಗ ಸಾಕು.

ಈಗ ಊರುಗಳನ್ನು ಗುರುತಿಸಿ. ಎಲ್ಲವೂ ಹತ್ತಿರದ ನಿಮಿಷಕ್ಕೆ ಸರಿಮಾಡಿದ ಅಂಕಿಗಳು. ಮೊದಲನೆಯದು ಉತ್ತರ, ಎರಡನೆಯದು ಪೂರ್ವ.

ಧನುಷ್ಕೋಡಿಯ ತುದಿ: 9 ಡಿಗ್ರಿ 9 ನಿಮಿಷ, 79 ಡಿಗ್ರಿ 27 ನಿಮಿಷ
ರಾಮೇಶ್ವರ: 9-17, 79-19
ತಲೈಮನ್ನಾರ್: 9-06, 79-44
ಕಚ್ಚತೀವು (ನಡುವಿನ ಪುಟ್ಟ ದ್ವೀಪ): 9-23, 79-31
ನೆಡುಂತೀವು (ಲಂಕೆಯ ದ್ವೀಪ): 9-31, 79-41
ಕಾಂಕೇಸಂತುರೈ (ಲಂಕೆ): 9-49, 80-03
ಕೋಡಿಕ್ಕರೈ (ತಮಿಳುನಾಡು): 10-17, 79-50

ಧನುಷ್ಕೋಡಿಯನ್ನು ಒಟ್ಟಿಗೆ ಹಾಕಿ ನೋಡೋಣ. 27 ನಿಮಿಷ ಅಂದರೆ ಎಡ ಅಂಚಿನಿಂದ 54 ಮಿಲಿಮೀಟರ್ ಬಲಕ್ಕೆ, 9 ನಿಮಿಷ ಅಂದರೆ ಕೆಳಗಿನಿಂದ 18 ಮಿಲಿಮೀಟರ್ ಮೇಲಕ್ಕೆ. ಅಲ್ಲೊಂದು ಚುಕ್ಕೆ. ಉಳಿದವು ಹಾಗೇ. ಕಾಂಕೇಸಂತುರೈ ಮಾತ್ರ 80 ಡಿಗ್ರಿ ದಾಟಿದೆ, ಅದಕ್ಕೆ 60 ಕೂಡಿಸಿ 63 ನಿಮಿಷ ಅಂತ ಎಣಿಸಿ. ನನ್ನ ಮಗಳು ಇಲ್ಲಿ ತಪ್ಪಿ ಅದನ್ನು ತಮಿಳುನಾಡಿನ ತೀರಕ್ಕೆ ತಂದು ಕೂರಿಸಿದ್ದಳು.

ಹೆಜ್ಜೆ 3: ಕೈವಾರ ಹಿಡಿಯಿರಿ

ಪ್ರತಿ ದೇಶಕ್ಕೂ ತನ್ನ ತೀರದಿಂದ 12 ನಾಟಿಕಲ್ ಮೈಲಿನವರೆಗೆ ಸಮುದ್ರ ತನ್ನದೇ ಎನ್ನುವ ಹಕ್ಕಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೀಗೆ ಹೇಳುತ್ತದೆ. ಕಿಲೋಮೀಟರಿನಲ್ಲಿ 22.2. ಸಾಮಾನ್ಯವಾಗಿ ಸಮುದ್ರ ಪೂರ್ತಿ ಇಳಿದಾಗ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಎಣಿಕೆ ಶುರು. ಎರಡು ದೇಶಗಳ ತೀರ ಎದುರುಬದುರಾಗಿ 24 ಮೈಲಿಗಿಂತ ಹತ್ತಿರ ಇದ್ದರೆ ಇಬ್ಬರ ಹನ್ನೆರಡೂ ಒಂದರ ಮೇಲೊಂದು ಬೀಳುತ್ತದೆ. ಆಗ ಬೇರೆ ಒಪ್ಪಂದವೋ ಹಳೆಯ ಹಕ್ಕೋ ಇಲ್ಲದಿದ್ದರೆ ನಟ್ಟನಡುವಿನ ಗೆರೆಯೇ ಗಡಿ.

ಕೈವಾರವನ್ನು 24 ಮಿಲಿಮೀಟರಿಗೆ ಬಿಡಿಸಿ. ಧನುಷ್ಕೋಡಿಯ ಮೇಲೆ ಮುಳ್ಳು ಊರಿ ಒಂದು ಸುತ್ತು, ತಲೈಮನ್ನಾರಿನ ಮೇಲೆ ಊರಿ ಇನ್ನೊಂದು ಸುತ್ತು. ಎರಡು ಸುತ್ತೂ ಒಂದರೊಳಗೊಂದು ನುಗ್ಗಿ ನಡುವೆ ಬಾದಾಮಿ ಆಕಾರ ಮೂಡುತ್ತದೆ. ಸುತ್ತುಗಳು ಎರಡು ಕಡೆ ಕತ್ತರಿಸುತ್ತವೆ, ಆ ಎರಡು ಚುಕ್ಕೆ ಸೇರಿಸಿ ಗೆರೆ ಎಳೆಯಿರಿ. ಹೈಸ್ಕೂಲಿನ ಲಂಬ ಸಮದ್ವಿಭಾಜಕ ನೆನಪಾಯಿತಾ? ಅದೇ ಇದು. ಇದು ಯಾವ ಕೆಲಸಕ್ಕೆ ಬರುತ್ತದೆ ಅಂತ ಆಗ ನಮಗೆ ಯಾರೂ ಹೇಳಲಿಲ್ಲ.

ಈಗ ಇದನ್ನೇ ಕೋಡಿಕ್ಕರೈ ಮತ್ತು ಕಾಂಕೇಸಂತುರೈ ನಡುವೆ ಮಾಡಿ. ಸುತ್ತುಗಳು ಮುಟ್ಟುವುದೇ ಇಲ್ಲ. ನಡುವೆ ಸುಮಾರು 14 ಮಿಲಿಮೀಟರ್, ಅಂದರೆ 7 ಮೈಲು ಖಾಲಿ. ಹಾಗಾದರೆ ಅದು ಯಾರದು? ಭಾರತ ಮತ್ತು ಶ್ರೀಲಂಕಾ ಇಲ್ಲಿಯ ನೀರನ್ನು ಹಿಂದಿನಿಂದ ಬಂದ ತಮ್ಮ ನೀರು, "ಐತಿಹಾಸಿಕ ಜಲಪ್ರದೇಶ" ಅಂತ ಲೆಕ್ಕ ಹಿಡಿದು ಹಂಚಿಕೊಂಡಿವೆ. ಆದ್ದರಿಂದ ಯಾರದೂ ಅಲ್ಲದ ನೀರು ಅಂತ ನಡುವೆ ಏನೂ ಉಳಿದಿಲ್ಲ. ಆ ಎರಡು ಊರನ್ನು ಸ್ಕೇಲಿನಿಂದ ಸೇರಿಸಿ, ಸರಿಯಾಗಿ ಮಧ್ಯದಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಮುಂದಿನ ಹೆಜ್ಜೆಯಲ್ಲಿ ಬೇಕು.

ಹೆಜ್ಜೆ 4: ನಿಜವಾದ ಗಡಿಯನ್ನು ಮೇಲೆ ಹಾಕಿ

ಇಲ್ಲಿ ನಿಮ್ಮ ಸಮಯ ಜಾಸ್ತಿ ಹೋಗಲಿ, ಪರವಾಗಿಲ್ಲ. 1974ರ ಜೂನ್‌ನಲ್ಲಿ ಎರಡು ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಪಾಕ್ ಜಲಸಂಧಿಯಿಂದ ರಾಮಸೇತುವಿನವರೆಗೆ ಆರು ಬಿಂದುಗಳಿವೆ. ಬೇರೆ ಬಣ್ಣದ ಪೆನ್ನಿನಲ್ಲಿ ಗುರುತಿಸಿ:

ಒಂದು: 10-05 ಉತ್ತರ, 80-03 ಪೂರ್ವ
ಎರಡು: 9-57, 79-35
ಮೂರು: 9-40.15, 79-22.60
ನಾಲ್ಕು: 9-21.80, 79-30.70
ಐದು: 9-13, 79-32
ಆರು: 9-06, 79-32

ಕ್ರಮವಾಗಿ ಸ್ಕೇಲಿನಿಂದ ಸೇರಿಸಿ. ಬಿಲ್ಲಿನ ಹಾಗೆ ಪಶ್ಚಿಮಕ್ಕೆ ಬಾಗಿದ ಗೆರೆ ಬರುತ್ತದೆ. ಧನುಷ್ಕೋಡಿ ಪಕ್ಕದಲ್ಲೇ ಬಿಲ್ಲು! ಐದರಿಂದ ಆರಕ್ಕೆ ರೇಖಾಂಶ ಒಂದೇ, ಅಕ್ಷಾಂಶದಲ್ಲಿ 7 ನಿಮಿಷ ವ್ಯತ್ಯಾಸ. ಹಾಗಾಗಿ ಆ ತುಂಡಿನ ಉದ್ದ 7 ಮೈಲು, ಸುಮಾರು 13 ಕಿಲೋಮೀಟರ್. ಲೆಕ್ಕ ಎಷ್ಟು ಸಲೀಸು ನೋಡಿ.

ಈಗ ಹೋಲಿಸಿ. ಕೋಡಿಕ್ಕರೈ-ಕಾಂಕೇಸಂತುರೈ ನಡುವೆ ನೀವಿಟ್ಟ ಚುಕ್ಕೆ ಒಪ್ಪಂದದ ಗೆರೆಯ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ನನ್ನ ಹಾಳೆಯಲ್ಲಿ ಕೂತಾಗ ಮಗಳು ಕುಣಿದಳು, ನಾನೂ ಸ್ವಲ್ಪ ಕುಣಿದೆ. ಆದರೆ ಧನುಷ್ಕೋಡಿಯ ಹತ್ತಿರ ಹಾಗಾಗುವುದಿಲ್ಲ. ನಿಮ್ಮ ಗೆರೆ ಒಪ್ಪಂದದ ಗೆರೆಗಿಂತ ಆರೇಳು ಮಿಲಿಮೀಟರ್ ಪೂರ್ವಕ್ಕೆ ಬೀಳುತ್ತದೆ. ಕೈವಾರ ಸಡಿಲ ಆಯಿತೇನೋ ಅಂತ ಗಾಬರಿ ಬೇಡ. ನಾವು ಹಿಡಿದದ್ದು ಆಚೆ ಒಂದು ಚುಕ್ಕೆ, ಈಚೆ ಒಂದು ಚುಕ್ಕೆ. ನಿಜವಾದ ಮಧ್ಯರೇಖೆ ಎಳೆಯುವವರು ತೀರದ ಪ್ರತಿ ಮೂಲೆಯನ್ನೂ ಹಿಡಿಯುತ್ತಾರೆ, ಮರಳುದಿಬ್ಬಗಳನ್ನೂ ನೋಡುತ್ತಾರೆ. ಅದರ ಮೇಲೆ ಎರಡು ಸರ್ಕಾರಗಳ ಮಾತುಕತೆ ಬೇರೆ.

ಮಾತುಕತೆಯ ಬಿಸಿ ಎಲ್ಲಿ ಅಂತ ನೋಡಬೇಕಾದರೆ ಕಚ್ಚತೀವಿನ ಚುಕ್ಕೆಗೆ ಬನ್ನಿ. ಸುಮಾರು 285 ಎಕರೆಯ ದ್ವೀಪ. ಕುಡಿಯುವ ನೀರಿಲ್ಲ, ಜನವಸತಿ ಇಲ್ಲ. ಇರುವುದು ಸಂತ ಅಂತೋನಿಯ ಒಂದು ಇಗರ್ಜಿ, ವರ್ಷಕ್ಕೊಂದು ಹಬ್ಬ. ಅದರಿಂದ ರಾಮೇಶ್ವರದ ಚುಕ್ಕೆಗೆ ಅಳೆಯಿರಿ, ನೆಡುಂತೀವಿಗೂ ಅಳೆಯಿರಿ. ಒಂದು 26-27 ಮಿಲಿಮೀಟರ್, ಇನ್ನೊಂದು 25-26. ಅಷ್ಟು ಸಮಸಮ! ಒಪ್ಪಂದದ ಗೆರೆ ದ್ವೀಪದ ಪಶ್ಚಿಮಕ್ಕೆ ಒಂದು ಮೈಲು ಬಿಟ್ಟು ಹಾದುಹೋಯಿತು, ದ್ವೀಪ ಶ್ರೀಲಂಕಾದ ಕಡೆಗೆ ಸೇರಿತು. ಒಂದು ಮೈಲು ಅಂದರೆ ನಿಮ್ಮ ಹಾಳೆಯಲ್ಲಿ 2 ಮಿಲಿಮೀಟರ್. ತಮಿಳುನಾಡಿನಲ್ಲಿ ಐವತ್ತು ವರ್ಷದಿಂದ ಆರದ ಜಗಳ ಈ ಎರಡು ಮಿಲಿಮೀಟರಿನದು. ಇನ್ನೊಂದು ಕಡೆಯ ದೋಣಿ ತನ್ನ ನೀರಿಗೆ ಬಂದು ಮೀನು ಹಿಡಿಯಬಾರದು ಅಂತ 1976ರಲ್ಲಿ ಎರಡೂ ಸರ್ಕಾರಗಳು ಪತ್ರ ಬರೆದುಕೊಂಡವು. ರಾಮೇಶ್ವರದ ಮೀನುಗಾರರ ಬಂಧನದ ಸುದ್ದಿ ಪೇಪರಿನಲ್ಲಿ ಬಂದಾಗ ಈ ಹಾಳೆ ತೆಗೆದು ನೋಡಿ.

ನಡುವೆ ಒಂದು ಮಾತು: ನಮ್ಮ ಎದುರಿಗೇ ಇದ್ದ ಪರದೇಶ

ಇದೆಲ್ಲ ತಮಿಳುನಾಡಿನ ಕಥೆ ಅಂದುಕೊಳ್ಳಬೇಡಿ. ಕಾರವಾರದ ಬಿಣಗಾದ ಎದುರಿಗಿರುವ ಅಂಜುದೀವ್ ದ್ವೀಪ, ದಡದಿಂದ ಒಂದೆರಡು ಕಿಲೋಮೀಟರ್, 1961ರ ಡಿಸೆಂಬರಿನವರೆಗೆ ಪೋರ್ಚುಗಲ್ಲಿನ ನೆಲ. ನಮ್ಮ ಅಜ್ಜಂದಿರು ದಡದಲ್ಲಿ ಬಲೆ ಒಣಗಿಸುವಾಗ ಎದುರಿಗೆ ಕಾಣುತ್ತಿದ್ದದ್ದು ಬೇರೆ ದೇಶ! ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1660ರ ದಶಕದಲ್ಲಿ ಮುಂಬೈಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರು ಪೋರ್ಚುಗೀಸರು ಅದನ್ನು ಬಿಟ್ಟುಕೊಡದ್ದರಿಂದ ಇಲ್ಲೇ ಕಾದು ಕೂತರು, ನೂರಾರು ಮಂದಿ ಕಾಯಿಲೆ ಬಿದ್ದು ಸತ್ತರು. 1961ರ ನವೆಂಬರಿನಲ್ಲಿ ಈ ದ್ವೀಪದಿಂದ ನಮ್ಮ ಹಡಗಿಗೂ ಮೀನುಗಾರರ ದೋಣಿಗೂ ಗುಂಡು ಹಾರಿತು, ಒಬ್ಬ ಮೀನುಗಾರ ಸತ್ತ. ಮರು ತಿಂಗಳು ನೌಕಾಪಡೆ ದ್ವೀಪ ಹಿಡಿಯಿತು, ಏಳು ನಾವಿಕರನ್ನು ಕಳೆದುಕೊಂಡಿತು.

ಇವತ್ತಿಗೂ ಕಾಗದದಲ್ಲಿ ಅದು ಗೋವಾದ್ದೇ. ಈಗ ಕದಂಬ ನೌಕಾನೆಲೆಯ ಜಾಗ. ಅಳತೆ ಅಭ್ಯಾಸ ಮಾಡುತ್ತೇವೆ ಅಂತ ಆ ಕಡೆ ಡ್ರೋನ್ ಹಾರಿಸುವುದು, ಫೋಟೋ ಹೊಡೆಯುವುದು ಬೇಡ.

ಹೆಜ್ಜೆ 5: ಆಚೆ ದಡ ಕಾಣುತ್ತದಾ, ಲೆಕ್ಕ ಹಾಕಿ

ಮಗಳ ಪ್ರಶ್ನೆ ಉಳಿದಿತ್ತಲ್ಲ. ಭೂಮಿ ಗುಂಡಗಿರುವುದರಿಂದ ದೂರದ ವಸ್ತು ನೀರಿನ ಹಿಂದೆ ಇಳಿದುಬಿಡುತ್ತದೆ. ಸೂತ್ರ ಸುಲಭ. ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ದಿಗಂತ ಎಷ್ಟು ಕಿಲೋಮೀಟರ್ ದೂರ ಅಂತ ಬರುತ್ತದೆ.

ಬೀಚಿನಲ್ಲಿ ನಿಂತರೆ ಕಣ್ಣು 1.6 ಮೀಟರ್ ಎತ್ತರ. ದಿಗಂತ ನಾಲ್ಕೂವರೆ ಕಿಲೋಮೀಟರ್, ಅಷ್ಟೇ! ಸಂಜೆ ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಬೋಟನ್ನು ನೋಡುತ್ತಾ ಇರಿ. ಮೊದಲು ಒಡಲು ಮಾಯ, ಆಮೇಲೆ ಕ್ಯಾಬಿನ್, ಕೊನೆಗೆ ಕಂಬ. ಇನ್ನು ಕಾಣುವುದಿಲ್ಲ ಅಂದಾಗ ತಟ್ಟನೆ ಎದ್ದು ಕಲ್ಲುಬಂಡೆ ಹತ್ತಿ, ಕಂಬ ಇನ್ನೊಮ್ಮೆ ತಲೆ ಎತ್ತುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಜೂನ್-ಜುಲೈಯಲ್ಲಿ ಹೋಗಬೇಡಿ, ಮೀನುಗಾರಿಕೆಗೆ ರಜೆ. ಬೋಟೂ ಇಲ್ಲ, ಮಳೆಯಲ್ಲಿ ದಿಗಂತವೂ ಇಲ್ಲ.

ಎದುರಿನ ದಡ ಎತ್ತರ ಇದ್ದರೆ ಅದರ ಲೆಕ್ಕವನ್ನೂ ಹೀಗೇ ಮಾಡಿ ಕೂಡಿಸಿ. ಡೋವರಿನ ಬಿಳಿ ಬಂಡೆಗಳು 100 ಮೀಟರ್ ಮೀರಿ ಎದ್ದಿವೆ. 100ರ ವರ್ಗಮೂಲ 10, ಗುಣಿಸಿದರೆ 35.7 ಕಿಲೋಮೀಟರ್. ನಡುವಿನ ಸಮುದ್ರ 33. ಹಾಗಾಗಿ ಆಕಾಶ ತಿಳಿಯಾಗಿದ್ದರೆ ಫ್ರಾನ್ಸಿನ ದಡದಲ್ಲಿ ನಿಂತವರಿಗೆ ಇಂಗ್ಲೆಂಡ್ ಬೆಳ್ಳಗೆ ಕಾಣುತ್ತದೆ. ಧನುಷ್ಕೋಡಿ-ತಲೈಮನ್ನಾರ್ ದೂರ ಅದಕ್ಕಿಂತ ಕಡಿಮೆ, ಆದರೆ ಎರಡೂ ಕಡೆ ಚಪ್ಪಟೆ ಮರಳು. ಆ 30 ಕಿಲೋಮೀಟರಿನಲ್ಲಿ ನಿಮ್ಮ ನಾಲ್ಕೂವರೆ ಕಳೆದರೆ ಉಳಿದದ್ದು ಇಪ್ಪತ್ತೈದೂವರೆ. ಅಷ್ಟು ದಾಟಲು ಆ ಕಡೆ ಸುಮಾರು 50 ಮೀಟರ್ ಎತ್ತರದ್ದು ಏನಾದರೂ ಬೇಕು. ತೆಂಗು-ತಾಳೆ ಮರದ ತಲೆ ಸಾಲದು. ಹಾಗಾಗಿ ಮಗಳಿಗೆ ಉತ್ತರ: ದಡದಲ್ಲಿ ನಿಂತರೆ ಕಾಣುವುದಿಲ್ಲ. ಅಲ್ಲಿ ಹೋದವರು "ಅಕೋ ಲಂಕೆ" ಅಂತ ಬೆರಳು ತೋರಿಸುವುದು ಬಹಳ ಸಲ ಮೋಡದ ಕಡೆ.

ಮುರ್ಡೇಶ್ವರಕ್ಕೆ ಹೋದಾಗ ಗೋಪುರದ ಲಿಫ್ಟ್ ಹತ್ತಿ. 60 ಮೀಟರ್ ಎತ್ತರ ಅಂದುಕೊಂಡರೆ ದಿಗಂತ ಸುಮಾರು 28 ಕಿಲೋಮೀಟರ್. ದಡದಿಂದ ಎಣಿಸಿದ 22.2 ಕಿಲೋಮೀಟರ್ ಅದರ ಒಳಗೇ ಬಂತು. ನೇತ್ರಾಣಿ ಕಾಣುತ್ತದೆ, ಅದರ ಆಚೆಯ ನೀರೂ ಕಾಣುತ್ತದೆ.

ಹೆಜ್ಜೆ 6: ಆಳ, ಅಂದರೆ ಎಷ್ಟು ಮಾರು

ನಮ್ಮ ಕೇರಿಯ ಒಬ್ಬರು ತಾಂಡೇಲರು, ಅಂದರೆ ಬೋಟು ನಡೆಸುವವರು, ಹಾಳೆ ನೋಡಿ ಮೊದಲು ಕೇಳಿದ್ದೇ ಇದು: "ಅಗಲ ಇರ್ಲಿ ಮಾರಾಯಾ, ಮಾರು ಎಷ್ಟು?" ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಸುಮಾರು 1.8 ಮೀಟರ್. ಅವರಿಗೆ ಸಮುದ್ರ ಅಂದರೆ ಆಳ. ಅವರು ಹೇಳಿದ್ದು ಸರಿಯೇ.

ರಾಮಸೇತುವಿನ ಮರಳುದಿಬ್ಬಗಳ ಮೇಲೆ ಕೆಲವು ಕಡೆ ನೀರು ಒಂದು ಮಾರೂ ಇಲ್ಲ. ದೊಡ್ಡ ಹಡಗು ನುಗ್ಗುವ ಹಾಗಿಲ್ಲ, ಮುಂಬೈಯಿಂದ ಚೆನ್ನೈಗೆ ಹೋಗುವ ಹಡಗು ಇವತ್ತಿಗೂ ಲಂಕೆ ಸುತ್ತಿ ಹೋಗಬೇಕು. ಕಾಲುವೆ ತೋಡುವ ಸೇತುಸಮುದ್ರಂ ಯೋಜನೆ 2005ರಲ್ಲಿ ಶುರುವಾಗಿ ನಿಂತುಹೋಯಿತು. ಜಿಬ್ರಾಲ್ಟರ್ ಅಗಲದಲ್ಲಿ ಇದರ ಅರ್ಧ, ಆದರೆ ಆಳ 300ರಿಂದ 900 ಮೀಟರ್. ಕಡಿಮೆ ಅಂದರೂ 160 ಮಾರು! ಅದಕ್ಕೇ ಅಲ್ಲಿ ಇನ್ನೂ ಸೇತುವೆಯೂ ಇಲ್ಲ, ಸುರಂಗವೂ ಇಲ್ಲ. ಅದಕ್ಕಿಂತ ಎರಡು ಪಾಲು ಅಗಲದ ಡೋವರಿನ ತಳದಲ್ಲಿ 1994ರಿಂದ ರೈಲು ಓಡುತ್ತಿದೆ. ಡೆನ್ಮಾರ್ಕ್-ಸ್ವೀಡನ್ ನಡುವೆ 2000ದಲ್ಲಿ ಸೇತುವೆ ಬಂತು.

ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ನಿಮ್ಮ ಹಾಳೆಯ ನೀರು ಬಹುಪಾಲು ಆಗ ಒಣ ನೆಲ. ಲಂಕೆಗೆ ನಡೆದು ಹೋಗಬಹುದಿತ್ತು, ಜಿಬ್ರಾಲ್ಟರ್ ದಾಟಲು ಆಗಲೂ ದೋಣಿ ಬೇಕಿತ್ತು.

ಹೆಜ್ಜೆ 7: ದಾಟುವುದಕ್ಕೆ ಎಷ್ಟು ಹೊತ್ತು

1914ರಲ್ಲಿ ಪಾಂಬನ್ ಸೇತುವೆ ಆದ ಮೇಲೆ ರೈಲಿನಲ್ಲಿ ಧನುಷ್ಕೋಡಿಗೆ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರಿಗೆ, ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಬಳಿದುಕೊಂಡು ಹೋಯಿತು. ಈಗ ನಾಗಪಟ್ಟಿಣದಿಂದ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು ಇದೆ, 2023ರ ಅಕ್ಟೋಬರಿನಲ್ಲಿ ಶುರುವಾದದ್ದು. ಗಾಳಿ ಜೋರಿದ್ದ ತಿಂಗಳಲ್ಲಿ ನಿಲ್ಲಿಸುತ್ತಾರೆ. ಹೋಗುವ ಮನಸ್ಸಿದ್ದರೆ ಹಡಗು ಇದೆಯಾ, ಲಂಕೆಯ ಪ್ರವೇಶಕ್ಕೆ ಏನು ಕಾಗದ ಬೇಕು, ಎರಡನ್ನೂ ಆ ವಾರವೇ ಕೇಳಿಕೊಳ್ಳಿ.

ದೂರವನ್ನು ನೀವೇ ತೆಗೆಯಿರಿ. ನಾಗಪಟ್ಟಿಣ 10-46 ಉತ್ತರ, 79-51 ಪೂರ್ವ, ಹಾಳೆಯಿಂದ ಹೊರಗೆ. ಕಾಂಕೇಸಂತುರೈಗೆ ಉತ್ತರ-ದಕ್ಷಿಣ 57 ನಿಮಿಷ, ಪೂರ್ವ-ಪಶ್ಚಿಮ 12. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 58 ಮೈಲು, 108 ಕಿಲೋಮೀಟರ್. ಐದೂಮುಕ್ಕಾಲು ನೇತ್ರಾಣಿ. ಹಡಗಿನ ವೇಗ ಹೇಳುವ "ನಾಟ್" ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು. 15 ನಾಟ್ ವೇಗ ಹಿಡಿದರೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಶಿರಸಿಯಿಂದ ಹೊರಟವರಿಗೆ ನಾಗಪಟ್ಟಿಣ ಮುಟ್ಟುವುದಕ್ಕೇ ಅದರ ಮೂರ್ನಾಲ್ಕು ಪಾಲು ಹೊತ್ತು ಬೇಕು.